ಪೋರ್ಟ್‌ಲ್ಯಾಂಡ್ ಡೌನ್‌ಟೌನಿನ ಫುಟ್‌ಪಾತ್: ಚಕ್ರ ಇಳಿಯಬೇಕು ಸರಿ, ಇಳಿದು ಹೋಗುವುದು ಎಲ್ಲಿಗೆ?

ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸೈಕಲ್ ಊರು ಅಂತಲೇ ಹೆಸರುವಾಸಿ. ಸೈಕಲ್ ಸವಾರರ ರಾಷ್ಟ್ರೀಯ ಸಂಘಟನೆಯಾದ ಲೀಗ್ ಆಫ್ ಅಮೆರಿಕನ್ ಬೈಸಿಕ್ಲಿಸ್ಟ್ಸ್ 2008ರಲ್ಲಿ ಅದಕ್ಕೆ ಪ್ಲಾಟಿನಂ ದರ್ಜೆ ಕೊಟ್ಟಿತು. ಅದೇ ಊರು ತನ್ನ ಡೌನ್‌ಟೌನಿನ, ಅಂದರೆ ಊರ ನಡುವಿನ ವ್ಯಾಪಾರ ಪ್ರದೇಶದ, ಫುಟ್‌ಪಾತ್ ಮೇಲೆ ಸೈಕಲ್ ಓಡಿಸಬಾರದು ಅಂತ ಕಾನೂನು ಮಾಡಿದೆ. ಸ್ಕೇಟ್‌ಬೋರ್ಡ್ ಮತ್ತು ರೋಲರ್ ಸ್ಕೇಟ್‌ಗೂ ಅಲ್ಲಿ ಜಾಗ ಇಲ್ಲ.

ಇಂಥ ನಿಯಮ ಅಮೆರಿಕದ ಎಷ್ಟೋ ಊರುಗಳಲ್ಲಿದೆ. ಬಹಳ ಕಡೆ ಒಂದು ಬೋರ್ಡು ನೆಟ್ಟರೆ ಕೆಲಸ ಮುಗಿಯಿತು. ಪೋರ್ಟ್‌ಲ್ಯಾಂಡ್ ಪ್ರಕರಣ ನೋಡಲೇಬೇಕು ಅನ್ನಿಸುವುದು ಬೇರೆ ಕಾರಣಕ್ಕೆ. ಚಕ್ರಗಳನ್ನು ಫುಟ್‌ಪಾತಿನಿಂದ ಇಳಿಸಿದ ಮೇಲೆ ಅವು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೂ ಈ ಊರು ಉತ್ತರ ಹುಡುಕಿತು. ಕೆಲವು ಬೀದಿಗಳಲ್ಲಿ ಉತ್ತರ ಸಿಕ್ಕಿತು. ಕೆಲವು ಕಡೆ ಸಿಗಲಿಲ್ಲ. ಎಲ್ಲಿ ಸಿಕ್ಕಿತೋ ಅಲ್ಲಿ ನಿಯಮ ನಿಂತಿದೆ, ಸಿಗದ ಕಡೆ ಅದನ್ನು ಮುರಿಯುತ್ತಲೇ ಇದ್ದಾರೆ.

ನಿಯಮ ಏನು ಹೇಳುತ್ತದೆ

ಸೈಕಲ್ ನಿಯಮ ನಗರ ಸಂಹಿತೆಯ 16.70.320ನೇ ವಿಧಿಯಲ್ಲಿದೆ. ಅದು ಇಡೀ ಊರಿಗೆ ಅನ್ವಯಿಸುವುದಿಲ್ಲ. ನಕ್ಷೆಯ ಮೇಲೆ ಒಂದು ಚೌಕ ಎಳೆದಿದ್ದಾರೆ ಅಂದುಕೊಳ್ಳಿ. ದಕ್ಷಿಣಕ್ಕೆ ಜೆಫರ್ಸನ್ ಬೀದಿ, ಉತ್ತರಕ್ಕೆ ಹಾಯ್ಟ್ ಬೀದಿ, ಪಶ್ಚಿಮಕ್ಕೆ 13ನೇ ಅವೆನ್ಯೂ, ಪೂರ್ವಕ್ಕೆ ವಿಲಾಮೆಟ್ ನದಿಯ ಪಕ್ಕದ ಫ್ರಂಟ್ ಅವೆನ್ಯೂ, ಅಂದರೆ ಈಗಿನ ನೈಟೊ ಪಾರ್ಕ್‌ವೇ. ಈ ಚೌಕದೊಳಗೆ ಫುಟ್‌ಪಾತ್ ಮೇಲೆ ಸೈಕಲ್ ಓಡಿಸುವಂತಿಲ್ಲ. ಗಡಿಯ ಬೀದಿಗಳೂ ಅದರಲ್ಲಿ ಸೇರಿವೆ.

ಚೌಕದ ಹೊರಗೆ ಆರೆಗನ್ ರಾಜ್ಯದ ಕಾನೂನು ನಡೆಯುತ್ತದೆ. ಅದು ಸಾಕಷ್ಟು ಉದಾರ. ಫುಟ್‌ಪಾತ್ ಮೇಲೆ ಸೈಕಲ್ ಓಡಿಸಬಹುದು, ಆದರೆ ಪಾದಚಾರಿಯನ್ನು ದಾಟುವ ಮುಂಚೆ ಕೇಳುವಂತೆ ಎಚ್ಚರಿಕೆ ಕೊಡಬೇಕು, ಅವರಿಗೆ ದಾರಿ ಬಿಡಬೇಕು. ಫುಟ್‌ಪಾತಿನ ಅಂಚಿನಿಂದ ವಾಹನದ ಎದುರಿಗೆ ಥಟ್ಟನೆ ಇಳಿಯಬಾರದು. ಕ್ರಾಸಿಂಗ್ ಅಥವಾ ಗೇಟಿನ ದಾರಿಗೆ ವಾಹನ ಬರುತ್ತಿದ್ದರೆ, ಅಲ್ಲಿಗೆ ನಡಿಗೆಯ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ನುಗ್ಗಬಾರದು. ಇಷ್ಟು ಪಾಲಿಸಿದರೆ ಸವಾರನಿಗೆ ಪಾದಚಾರಿಗಿರುವ ಹಕ್ಕುಗಳೇ ಸಿಗುತ್ತವೆ.

ಒಂದೇ ಊರು, ಎರಡು ನಿಯಮ. ಗಡಿಯ ಬೀದಿಯ ಈಚೆ ಸರಿಯಾಗಿದ್ದದ್ದು ಆಚೆ ದಾಟಿದ ಕೂಡಲೇ ತಪ್ಪು. ಹೊಸದಾಗಿ ಬಂದವರಿಗೆ ಇದು ಹೇಗೆ ಗೊತ್ತಾಗಬೇಕು? ಇದು ಈ ನಿಯಮದ ಮೊದಲ ತೊಡಕು. ಬೀದಿಯಲ್ಲಿ ನಿಂತವರ ಕಣ್ಣಿಗೆ ನಕ್ಷೆಯ ಗೆರೆ ಕಾಣುವುದಿಲ್ಲ.

ಚೌಕದೊಳಗೂ ವಿನಾಯಿತಿಗಳಿವೆ, ಅವುಗಳಲ್ಲಿ ಸಾಕಷ್ಟು ವಿವೇಕವೂ ಇದೆ. ಸೈಕಲ್ ಹಾದಿ ಅಂತ ಗುರುತು ಮಾಡಿದ ಫುಟ್‌ಪಾತ್‌ಗಳಲ್ಲಿ ಓಡಿಸಬಹುದು. ವಿಲಾಮೆಟ್ ನದಿಯ ಸೇತುವೆಗಳಿಗೆ ಹತ್ತುವ, ಇಳಿಯುವ ದಾರಿಗಳಲ್ಲಿ ಓಡಿಸಬಹುದು. ಇದು ಇಲ್ಲದಿದ್ದರೆ ಪೂರ್ವ ದಡದಿಂದ ಕೆಲಸಕ್ಕೆ ಬರುವವರು ಸೇತುವೆ ಬಾಯಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಹಾಥಾರ್ನ್ ಸೇತುವೆಯಲ್ಲಿ ಸೈಕಲ್ಲುಗಳು ಓಡಾಡುವುದೇ ಅಂಚಿನ ಫುಟ್‌ಪಾತಿನಲ್ಲಿ, ನಡೆಯುವವರ ಜೊತೆಗೆ. ಪೊಲೀಸರಿಗೂ ಭದ್ರತಾ ಸಿಬ್ಬಂದಿಗೂ ಕರ್ತವ್ಯದ ಮೇಲೆ ವಿನಾಯಿತಿ ಇದೆ.

ಎಲ್ಲಕ್ಕಿಂತ ಮುಖ್ಯವಾದ ವಿನಾಯಿತಿ ನಿಯಮದ ಮೊದಲ ವಾಕ್ಯದಲ್ಲೇ ಇದೆ. ಹತ್ತಿರದಲ್ಲೇ ಇರುವ ಸಂಚಾರದ ಅಪಾಯವೊಂದನ್ನು ತಪ್ಪಿಸಿಕೊಳ್ಳಲು ಫುಟ್‌ಪಾತ್ ಹತ್ತಿದರೆ ಅದು ತಪ್ಪಲ್ಲ. ಈ ಪ್ರಕರಣದ ಅರ್ಧ ಕಷ್ಟ ಈ ಮಾತಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಡೆಯುವವರ ಕಡೆಯಿಂದ

ಮೊದಲೇ ಹೇಳಿಬಿಡುತ್ತೇನೆ, ಈ ನಿಯಮದ ಮೂಲ ಉದ್ದೇಶ ಸರಿಯಾದದ್ದು ಅಂತಲೇ ನನ್ನ ಅಭಿಪ್ರಾಯ.

ಪೋರ್ಟ್‌ಲ್ಯಾಂಡ್ 1998ರಲ್ಲಿ ಪಾದಚಾರಿ ವಿನ್ಯಾಸಕ್ಕೇ ಒಂದು ಕೈಪಿಡಿ ತಂದಿತು. ಅದರಲ್ಲಿ ಫುಟ್‌ಪಾತನ್ನು ನಾಲ್ಕು ಪಟ್ಟಿಗಳಾಗಿ ನೋಡುತ್ತಾರೆ. ರಸ್ತೆ ಕಡೆ ಅಂಚುಗಲ್ಲು. ಅದರ ಪಕ್ಕ ಮರ, ದೀಪದ ಕಂಬ, ಸೈಕಲ್ ಸ್ಟ್ಯಾಂಡ್, ಬೆಂಚು ಇರುವ ಪಟ್ಟಿ. ಆಮೇಲೆ ನಡೆಯುವ ಪಟ್ಟಿ. ಕೊನೆಗೆ ಕಟ್ಟಡಕ್ಕೆ ತಾಗಿದ ಪಟ್ಟಿ, ಬಾಗಿಲು ತೆರೆಯುವುದು ಅಲ್ಲಿ, ಅಂಗಡಿ ಕಿಟಕಿ ನೋಡುತ್ತಾ ಜನ ನಿಲ್ಲುವುದೂ ಅಲ್ಲೇ. ಹೊರಗಿನಿಂದ ಇಡೀ ಫುಟ್‌ಪಾತ್ ಅಗಲವಾಗಿ ಕಂಡರೂ ನಡೆಯಲು ಉಳಿಯುವುದು ಒಂದು ಪಟ್ಟಿ ಮಾತ್ರ. ಡೌನ್‌ಟೌನಿನಲ್ಲಿ ನೂರು ವರ್ಷಕ್ಕೂ ಹಳೆಯ ಕಂಚಿನ ಕುಡಿಯುವ ನೀರಿನ ಚಿಲುಮೆಗಳೂ ಫುಟ್‌ಪಾತಿನಲ್ಲೇ ನಿಂತಿವೆ. ಸೈಮನ್ ಬೆನ್ಸನ್ ಎಂಬ ಮರದ ವ್ಯಾಪಾರಿ 1912ರಲ್ಲಿ ಕೊಟ್ಟ ದುಡ್ಡಿನಲ್ಲಿ ಮೊದಲ 20 ಚಿಲುಮೆಗಳು ಬಂದವು. ನೀರು ಕುಡಿಯಲು ಬಗ್ಗಿದವರ ಬೆನ್ನ ಹಿಂದೆಯೇ ನಡೆಯುವ ಪಟ್ಟಿ.

ಆ ಪಟ್ಟಿಯಲ್ಲಿ ಜನ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ನಡೆಯುತ್ತಾರೆ. ಆರಾಮಾಗಿ ಹೋಗುವ ಸೈಕಲ್ ಕೂಡ ಅದರ ಮೂರು ನಾಲ್ಕು ಪಟ್ಟು ವೇಗದಲ್ಲಿರುತ್ತದೆ. ಎದುರಿನಿಂದ ಬಂದರೆ ಕಾಣಬಹುದು. ಹಿಂದಿನಿಂದ ಬಂದರೆ? ನಡೆಯುವವರು ನೆಟ್ಟಗೆ ನಡೆಯಬೇಕು ಅಂತ ಯಾವ ಕಾನೂನೂ ಇಲ್ಲ. ಕಿಟಕಿಯಲ್ಲಿ ಏನೋ ಕಂಡು ಪಕ್ಕಕ್ಕೆ ತಿರುಗುತ್ತಾರೆ. ಮಗು ಕೈ ಬಿಡಿಸಿಕೊಂಡು ಹೋಗುತ್ತದೆ. ಇದು ಅವರ ತಪ್ಪಲ್ಲ, ನಡಿಗೆ ಇರುವುದೇ ಹಾಗೆ.

ಕಣ್ಣು ಕಾಣದವರ ವಿಷಯ ಇನ್ನೂ ಗಂಭೀರ. ಬಿಳಿ ಕೋಲು ನೆಲದ ಮೇಲಿನ ಅಡ್ಡಿಯನ್ನು ಹೇಳುತ್ತದೆ, ಹಿಂದಿನಿಂದ ಬರುವ ಚಕ್ರವನ್ನು ಹೇಳುವುದಿಲ್ಲ. ಚೆನ್ನಾಗಿ ಎಣ್ಣೆ ಹಾಕಿದ ಸೈಕಲ್ಲಿಗೆ ಶಬ್ದವೇ ಇಲ್ಲ. ಮೊಣಕಾಲು ನೋವಿರುವ ವಯಸ್ಸಾದವರು ಗಂಟೆ ಕೇಳಿದ ಕೂಡಲೇ ಪಕ್ಕಕ್ಕೆ ಹಾರಲು ಆಗುವುದಿಲ್ಲ. ಇವರಿಗೆಲ್ಲ ಡಿಕ್ಕಿ ಆಗಬೇಕಾಗಿಯೂ ಇಲ್ಲ. ಒಂದೆರಡು ಸಲ ಮೈ ಪಕ್ಕದಲ್ಲೇ ಸರ್ ಅಂತ ಹೋದರೆ ಸಾಕು, ಮೂರನೇ ಸಲ ಆ ಬೀದಿಗೆ ಬರುವುದನ್ನೇ ಬಿಡುತ್ತಾರೆ. ಅಪಘಾತದ ಲೆಕ್ಕದಲ್ಲಿ ಇವರು ಎಲ್ಲೂ ಸಿಗುವುದಿಲ್ಲ. ಇದು ನನಗೆ ಬಹಳ ಚುಚ್ಚುವ ವಿಷಯ.

ಸವಾರನಿಗೂ ಫುಟ್‌ಪಾತ್ ಅಷ್ಟು ಸುರಕ್ಷಿತ ಅಲ್ಲ

ಸವಾರರು ಫುಟ್‌ಪಾತ್ ಹತ್ತುವುದು ಕಾರುಗಳ ಹೆದರಿಕೆಗೆ. ಆ ಹೆದರಿಕೆ ನ್ಯಾಯವಾದದ್ದೇ. ಆದರೆ ಪೋರ್ಟ್‌ಲ್ಯಾಂಡ್ ಡೌನ್‌ಟೌನಿನಲ್ಲಿ ಫುಟ್‌ಪಾತ್ ಅವರನ್ನು ಎಷ್ಟು ಕಾಪಾಡುತ್ತದೆ ಅಂತ ಲೆಕ್ಕ ಹಾಕಿ ನೋಡೋಣ.

ಈ ಡೌನ್‌ಟೌನಿನ ಬ್ಲಾಕುಗಳು, ಅಂದರೆ ನಾಲ್ಕು ಬೀದಿಗಳ ನಡುವಿನ ತುಂಡುಗಳು, ಚಿಕ್ಕವು. ಒಂದೊಂದು ಬದಿ 200 ಅಡಿ, ಅಂದರೆ ಸುಮಾರು 61 ಮೀಟರ್. ನಡುವಿನ ಬೀದಿ ಸಾಮಾನ್ಯವಾಗಿ 60 ಅಡಿ. ಎರಡೂ ಸೇರಿ 260 ಅಡಿಗೆ ಒಂದು ಕ್ರಾಸಿಂಗ್, ಮೈಲಿಗೆ ಸುಮಾರು 20. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಫುಟ್‌ಪಾತ್ ಮೇಲೆ ಹೋಗುವವರಿಗೆ ಸುಮಾರು 19 ಸೆಕೆಂಡಿಗೊಮ್ಮೆ ಒಂದು ಕ್ರಾಸಿಂಗ್ ಎದುರಾಗುತ್ತದೆ. ತಿರುಗುವ ಕಾರಿನ ಚಾಲಕ ಅಲ್ಲಿ ನಡಿಗೆಯ ವೇಗದ ಮನುಷ್ಯರನ್ನು ಹುಡುಕುತ್ತಿರುತ್ತಾನೆ. ಸೈಕಲ್ ಅವನ ಕಣ್ಣಿಗೆ ಬೀಳುವಷ್ಟರಲ್ಲಿ ಎದುರಿಗೇ ಬಂದಿರುತ್ತದೆ. ವಾಹನಗಳ ದಿಕ್ಕಿಗೆ ಎದುರಾಗಿ ಫುಟ್‌ಪಾತ್ ಮೇಲೆ ಬಂದರೆ ಇನ್ನೂ ಕಷ್ಟ, ಆ ಕಡೆಗೆ ಚಾಲಕ ನೋಡುವುದೇ ಕಡಿಮೆ.

ಇದು ಬರೀ ಊಹೆ ಅಲ್ಲ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ನಗರದ ಅಪಘಾತಗಳ ಮೇಲೆ ನಡೆದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಕ್ರಾಸಿಂಗ್‌ಗಳಲ್ಲಿ ವಾಹನಕ್ಕೆ ಡಿಕ್ಕಿಯಾಗುವ ಅಪಾಯ ರಸ್ತೆಯ ಸವಾರರಿಗಿಂತ ಫುಟ್‌ಪಾತಿನ ಸವಾರರಿಗೆ ಸುಮಾರು 1.8 ಪಟ್ಟು ಜಾಸ್ತಿ ಅಂತ ಅದು ಹೇಳಿತು. ಎದುರು ದಿಕ್ಕಿನಲ್ಲಿ ಹೋಗುವವರ ಅಪಾಯ ಅದಕ್ಕಿಂತಲೂ ಹೆಚ್ಚಿತ್ತು.

ಪೋರ್ಟ್‌ಲ್ಯಾಂಡಿನ ಚಿಕ್ಕ ಬ್ಲಾಕುಗಳಿಂದ ಒಂದು ಉಪಕಾರವೂ ಆಗಿದೆ. ಸೈಕಲ್ ಇಳಿದು ತಳ್ಳಿಕೊಂಡು ಹೋದರೆ ಸವಾರನೂ ಪಾದಚಾರಿಯೇ, ನಿಯಮ ಅಡ್ಡ ಬರುವುದಿಲ್ಲ. ಒಂದು ಬ್ಲಾಕ್ ನಡೆಯಲು ಒಂದು ನಿಮಿಷವೂ ಬೇಡ. ಹೋಗಬೇಕಾದ ಬಾಗಿಲು ಯಾವ ಮೂಲೆಯಿಂದಲೂ ದೂರ ಇರುವುದಿಲ್ಲ. ಉದ್ದುದ್ದ ಬ್ಲಾಕುಗಳ ಊರಿನಲ್ಲಿ ಇದೇ ನಿಯಮ ಸವಾರನಿಗೆ ಇದಕ್ಕಿಂತ ಭಾರ ಆಗುತ್ತದೆ.

ರಸ್ತೆಯಲ್ಲೂ ಈ ಡೌನ್‌ಟೌನ್ ಸೈಕಲ್ಲಿಗೆ ಸ್ವಲ್ಪ ಅನುಕೂಲ ಮಾಡಿಕೊಟ್ಟಿದೆ. ಹೆಚ್ಚಿನ ಬೀದಿಗಳು ಏಕಮುಖ. ಸಿಗ್ನಲ್‌ಗಳನ್ನು ಒಂದರ ಹಿಂದೆ ಒಂದು ಹಸಿರಾಗುವಂತೆ ಜೋಡಿಸಿದ್ದಾರೆ, ಅದೂ ಕಡಿಮೆ ವೇಗಕ್ಕೆ. ಕಾರು ಜೋರಾಗಿ ಓಡಿದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಬೇಕು, ಅಷ್ಟೇ. ಮಾಮೂಲಿ ಸವಾರನೊಬ್ಬ ಕಾರುಗಳ ನಡುವೆಯೇ ಅವುಗಳ ವೇಗಕ್ಕೆ ಹೆಚ್ಚುಕಡಿಮೆ ಸರಿಸಮವಾಗಿ ಹೋಗಬಹುದು. ನೀವು ರಸ್ತೆಯಲ್ಲಿ ಹೋಗಿ ಅಂತ ಹೇಳುವ ಮುಂಚೆ ಆ ರಸ್ತೆಯ ವೇಗ ಇಳಿದಿರಬೇಕು ಅಲ್ವಾ? ಇಲ್ಲಿ ಅದು ಇಳಿದಿತ್ತು.

ಹಳಿಗಳು

ಆದರೆ ಇದೇ ಬೀದಿಗಳಲ್ಲಿ ಹಳಿಗಳೂ ಇವೆ. ನಗರದ ಲಘು ರೈಲು, ಮ್ಯಾಕ್ಸ್, 1986ರಲ್ಲಿ ಶುರುವಾಯಿತು. ಡೌನ್‌ಟೌನಿನಲ್ಲಿ ಅದು ಮಾರಿಸನ್ ಮತ್ತು ಯಾಮ್‌ಹಿಲ್ ಬೀದಿಗಳಲ್ಲಿ ಓಡುತ್ತದೆ. 2001ರಲ್ಲಿ 10 ಮತ್ತು 11ನೇ ಅವೆನ್ಯೂಗಳಿಗೆ ಸ್ಟ್ರೀಟ್‌ಕಾರ್, ಅಂದರೆ ಟ್ರಾಮ್, ಬಂತು. 2009ರಲ್ಲಿ 5 ಮತ್ತು 6ನೇ ಅವೆನ್ಯೂಗಳಿಗೂ, ಅಂದರೆ ಊರಿನ ಬಸ್ಸುಗಳು ಒಟ್ಟಾಗಿ ಓಡುವ ಬಸ್ ಮಾಲ್ ಬೀದಿಗಳಿಗೂ, ರೈಲು ಬಂತು. ಇವೆಲ್ಲ ಆ ಚೌಕದೊಳಗೇ ಇವೆ.

ಸಾರ್ವಜನಿಕ ಸಾರಿಗೆಗೆ ಇದು ದೊಡ್ಡ ಕೊಡುಗೆ, ಎರಡು ಮಾತಿಲ್ಲ. ಆದರೆ ರಸ್ತೆಯ ಮಟ್ಟಕ್ಕೇ ಕೂತ ಹಳಿಯ ಪಕ್ಕದ ಸಂದಿ ಸೈಕಲ್ ಟೈರು ಇಳಿಯುವಷ್ಟು ಅಗಲ. ಹಳಿಯನ್ನು ಹೆಚ್ಚುಕಡಿಮೆ ಅಡ್ಡಲಾಗಿ ದಾಟಿದರೆ ತೊಂದರೆ ಇಲ್ಲ. ಓರೆಯಾಗಿ ದಾಟಿದರೆ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ, ಸವಾರ ನೆಲಕ್ಕೆ. ಪೋರ್ಟ್‌ಲ್ಯಾಂಡಿನಲ್ಲಿ ಮಳೆ ಬೇರೆ ಜಾಸ್ತಿ, ಒದ್ದೆ ಹಳಿಯ ಮೇಲೆ ಜಾರುವುದು ಇನ್ನೂ ಸುಲಭ. ಸ್ಟ್ರೀಟ್‌ಕಾರ್ ಬೀದಿಯಲ್ಲಿ ಹಳಿಗೂ ನಿಲ್ಲಿಸಿದ ಕಾರುಗಳಿಗೂ ನಡುವೆ ಉಳಿಯುವ ಜಾಗದಲ್ಲಿ ಹೋದರೆ ಕಾರಿನ ಬಾಗಿಲು ತೆರೆಯುವ ಭಯ. ಅದರಿಂದ ತಪ್ಪಿಸಿಕೊಳ್ಳಲು ವಾಲಿದರೆ ಪಕ್ಕದಲ್ಲೇ ಹಳಿ.

ಈಗ ಆ ಮೊದಲ ವಾಕ್ಯದ ವಿನಾಯಿತಿಗೆ ಬರೋಣ. ಹತ್ತಿರದಲ್ಲೇ ಇರುವ ಸಂಚಾರದ ಅಪಾಯ ಅಂದರೆ ಏನು? ಅಡ್ಡ ನಿಂತ ಲಾರಿ ಅಪಾಯ, ಅದು ಎಲ್ಲರಿಗೂ ಗೊತ್ತು. ಬಗೆದ ರಸ್ತೆಯೂ ಅಪಾಯವೇ. ವರ್ಷವಿಡೀ ಅಲ್ಲೇ ಇರುವ ಹಳಿ? ಸೈಕಲ್ ಓಡಿಸುವ ಒಬ್ಬಳಿಗೆ ಅದು ಇಡೀ ಬೀದಿಯುದ್ದದ ಅಪಾಯ. ಅವಳು ಅದಕ್ಕೇ ಫುಟ್‌ಪಾತ್ ಹತ್ತಿದ್ದಾಳೆ. ತಡೆದು ನಿಲ್ಲಿಸಿದ ಪೊಲೀಸನಿಗೆ ಅದು ಬೀದಿಯ ಮಾಮೂಲಿ ಸ್ಥಿತಿ, ಹಾಗಾಗಿ ದಂಡ. ವಿಧಿಯ ಪದಗಳಲ್ಲಿ ಇಬ್ಬರ ವಾದಕ್ಕೂ ಜಾಗ ಇದೆ.

ಈ ವಿನಾಯಿತಿ ಇರಲೇಬೇಕಾದದ್ದು. ಸವಾರನ ವಿವೇಚನೆಯನ್ನು ನಂಬುವ ಕಾನೂನು ಒಳ್ಳೆಯದು. ಆದರೆ ನಗರವೇ ತಾನಾಗಿ ಹಾಕಿದ ಅಡ್ಡಿಯ ವಿಷಯದಲ್ಲಿ ಆ ಭಾರವನ್ನು ಸವಾರನ ಮೇಲೂ ಬೀದಿಯ ಪೊಲೀಸನ ಮೇಲೂ ಬಿಟ್ಟು ಸುಮ್ನೆ ಇರುವುದು ನ್ಯಾಯ ಅಲ್ಲ. ಹಳಿ ಹಾಕಿದ ಬೀದಿಯಲ್ಲಿ ಸೈಕಲ್ ಎಲ್ಲಿ ಹೋಗಬೇಕು ಅಂತ ಬಣ್ಣದಲ್ಲಿ ಬರೆದು ತೋರಿಸಬೇಕು. ಇಲ್ಲವಾದರೆ ಪಕ್ಕದ ಸಮಾನಾಂತರ ಬೀದಿಗೆ ಕಳಿಸುವ ಬೋರ್ಡು ಮೂಲೆಯಲ್ಲೇ ಇರಬೇಕು. 2009ರಲ್ಲಿ ಸ್ಟಾರ್ಕ್ ಮತ್ತು ಓಕ್ ಬೀದಿಗಳಲ್ಲಿ ಅಗಲವಾದ ಸೈಕಲ್ ಪಟ್ಟಿಗಳು ಬಂದಾಗ ಪೂರ್ವ ಪಶ್ಚಿಮ ದಿಕ್ಕಿಗೆ ಇಂಥ ಒಂದು ದಾರಿ ಸಿಕ್ಕಿತು. ಅದೇ ವರ್ಷ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಹತ್ತಿರ ಬ್ರಾಡ್‌ವೇಯಲ್ಲಿ ನಿಲ್ಲಿಸಿದ ಕಾರುಗಳನ್ನೇ ಗೋಡೆಯಾಗಿ ಮಾಡಿ ಪ್ರತ್ಯೇಕ ಸೈಕಲ್ ಹಾದಿ ಮಾಡಿದರು. ಕೆಲಸ ಆಗಿದೆ. ಆದರೆ ಎಲ್ಲ ಬೀದಿಯಲ್ಲೂ ಆಗಿಲ್ಲ.

ಸ್ಕೇಟ್‌ಬೋರ್ಡಿಗೆ ರಸ್ತೆ

ಈ ಪ್ರಕರಣದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು.

ಸ್ಕೇಟ್‌ಬೋರ್ಡ್ ಹಿಡಿದವರನ್ನು ಡೌನ್‌ಟೌನ್‌ಗಳು ಸಾಮಾನ್ಯವಾಗಿ ನೋಡುವುದು ಒಂದೇ ರೀತಿ: ಮೆಟ್ಟಿಲು, ಬೆಂಚು, ಕಟ್ಟೆ ಹಾಳು ಮಾಡುವ ಹುಡುಗರು. ಅದಕ್ಕೇ ಊರಿನವರು ಕಟ್ಟೆಯ ಅಂಚಿಗೆ ಲೋಹದ ಗುಬುಟು ಬಡಿಯುತ್ತಾರೆ, ಬೋರ್ಡು ಜಾರದಂತೆ. ಫುಟ್‌ಪಾತಿನಲ್ಲೂ ಬೇಡ, ರಸ್ತೆಯಲ್ಲೂ ಬೇಡ. ಆದರೆ ಬೋರ್ಡ್ ಮೇಲೆ ಕಾಲೇಜಿಗೆ ಹೋಗುವವರಿದ್ದಾರೆ, ಕೆಲಸಕ್ಕೆ ಹೋಗುವವರೂ ಇದ್ದಾರೆ. ರೈಲು ಇಳಿದು ಉಳಿದ ಒಂದು ಮೈಲಿಗೆ ಅದು ಸಾಕು. ಕೈಯಲ್ಲಿ ಎತ್ತಿಕೊಂಡು ರೈಲು ಹತ್ತಬಹುದು, ನಿಲ್ಲಿಸಲು ಜಾಗ ಹುಡುಕಬೇಕಾಗಿಲ್ಲ, ಬೀಗವೂ ಬೇಡ.

ಪೋರ್ಟ್‌ಲ್ಯಾಂಡ್ 2001ರ ಹೊತ್ತಿಗೆ ಸ್ಕೇಟ್‌ಬೋರ್ಡನ್ನು ಡೌನ್‌ಟೌನಿನ ರಸ್ತೆಗಳಲ್ಲಿ ಕಾನೂನುಬದ್ಧ ಮಾಡಿತು. 16.70.410ನೇ ವಿಧಿ ಅದನ್ನು ಹೇಳುತ್ತದೆ. ಚೌಕದೊಳಗೆ ಫುಟ್‌ಪಾತ್ ಮೇಲೆ ಸ್ಕೇಟ್ ಮಾಡುವಂತಿಲ್ಲ. ರಸ್ತೆಯಲ್ಲಿ ಮಾಡಬಹುದು. ಕತ್ತಲಾದ ಮೇಲೆ ಮುಂದೆ ಬಿಳಿ ದೀಪ ಇರಬೇಕು, ಹಿಂದಿನಿಂದ ಕೆಂಪು ಕಾಣಬೇಕು. 16 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ಪಾದಚಾರಿಗೆ ದಾರಿ ಬಿಡಬೇಕು. ಜೊತೆಗೆ, ಸ್ಕೇಟ್ ಮಾಡುವವರಿಗೆ ಅನುಕೂಲವಾದ ಬೀದಿಗಳನ್ನು ಗುರುತಿಸಿ ಅಲ್ಲಿ ಸ್ಕೇಟ್‌ಬೋರ್ಡ್ ಚಿತ್ರವಿರುವ ಬೋರ್ಡು ಹಾಕಿದರು.

ಆ ಬೋರ್ಡಿನ ಮಹತ್ವ ದೊಡ್ಡದು. ಬೇರೆ ಕಡೆ ಸ್ಕೇಟ್‌ಬೋರ್ಡ್ ಚಿತ್ರದ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. ಇಲ್ಲಿ ಗೆರೆ ಇಲ್ಲದ ಚಿತ್ರ, ಈ ದಾರಿಯಲ್ಲಿ ಹೋಗಿ ಅಂತ. ಹದಿನೇಳು ವರ್ಷದ ಹುಡುಗಿಗೆ ನಗರ ಮೊದಲ ಸಲ ನೀನು ಎಲ್ಲಿರಬೇಕು ಅಂತ ಹೇಳಿತು. ಅವಳನ್ನು ಫುಟ್‌ಪಾತಿನಿಂದ ಇಳಿಸುವ ಪೊಲೀಸನಿಗೂ ಈಗ ರಸ್ತೆ ಕಡೆ ಕೈ ತೋರಿಸಲು ಸಾಧ್ಯ. ಮೊದಲು ಅವನು ಮನೆಗೆ ಹೋಗು ಅಂತ ಮಾತ್ರ ಹೇಳಬಹುದಿತ್ತು.

ಕಾರುಗಳ ನಡುವೆ ಸ್ಕೇಟ್‌ಬೋರ್ಡು ಅಪಾಯವಲ್ಲವೇ ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದು. ಬೋರ್ಡಿಗೆ ಬ್ರೇಕಿಲ್ಲ, ಕಾಲು ಎಳೆದು ನಿಲ್ಲಿಸಬೇಕು. ಸಣ್ಣ ಗಟ್ಟಿ ಚಕ್ರಕ್ಕೆ ರಸ್ತೆಯ ಸಣ್ಣ ಬಿರುಕೂ ಸಾಕು, ಹಳಿಯ ಸಂದಿಯಂತೂ ಸೈಕಲ್ಲಿಗಿಂತ ಜಾಸ್ತಿ ಅಪಾಯ. ಆದರೆ ಇದೇ ಕಾರಣಗಳಿಗೆ ಬೋರ್ಡು ಫುಟ್‌ಪಾತ್ ಮೇಲೂ ಅಪಾಯ, ಅಲ್ಲಿ ಪೆಟ್ಟು ತಿನ್ನುವವರು ಬೇರೆ ಯಾರೋ. ಸಿಗ್ನಲ್‌ಗಳಿಂದ ವೇಗ ಇಳಿದ, ನುಣ್ಣನೆಯ, ಹಳಿ ಇಲ್ಲದ ಬೀದಿಯನ್ನು ಆರಿಸಿ ತೋರಿಸಿದರೆ ಅಪಾಯ ಕಡಿಮೆ ಆಗುತ್ತದೆ. ದಾರಿ ತೋರಿಸುವ ಆ ಬೋರ್ಡುಗಳ ಕೆಲಸವೇ ಅದು.

ಸ್ಕೇಟ್ ಪಾರ್ಕ್ ಕಟ್ಟಿಕೊಟ್ಟರೆ ಸಾಕಲ್ಲವೇ ಅನ್ನುವ ವಾದವೂ ಇದೆ. ಪೋರ್ಟ್‌ಲ್ಯಾಂಡಿನಲ್ಲಿ ಅದಕ್ಕೂ ಕೊರತೆ ಇರಲಿಲ್ಲ. ನದಿಯ ಪೂರ್ವ ದಡದಲ್ಲಿ ಬರ್ನ್‌ಸೈಡ್ ಸೇತುವೆಯ ಕೆಳಗೆ 1990ರಲ್ಲಿ ಸ್ಕೇಟರ್‌ಗಳೇ ಯಾರ ಅನುಮತಿಯನ್ನೂ ಕೇಳದೆ ಕಾಂಕ್ರೀಟ್ ಸುರಿದು ಇಳಿಜಾರುಗಳನ್ನು ಕಟ್ಟಿಕೊಂಡರು. ನಗರ ಅದನ್ನು ಒಡೆಯಲಿಲ್ಲ, ಆಮೇಲೆ ಒಪ್ಪಿಕೊಂಡಿತು. ಇಂದು ಅದು ಜಗತ್ತಿನ ಹೆಸರಾಂತ ಸ್ಕೇಟ್ ತಾಣಗಳಲ್ಲಿ ಒಂದು. ಆದರೆ ಅದು ಆಡುವ ಜಾಗ. ಕಾಲೇಜಿಗೆ ಹೋಗಬೇಕಾದವಳಿಗೆ ಆಟದ ಮೈದಾನ ತೋರಿಸಿದರೆ ಏನು ಪ್ರಯೋಜನ? ನಗರಸಭೆಗಳು ಈ ಎರಡನ್ನು ಬೆರೆಸಿಬಿಡುತ್ತವೆ. ಪೋರ್ಟ್‌ಲ್ಯಾಂಡ್ ಬೇರೆ ಬೇರೆ ಇಟ್ಟು ನೋಡಿತು.

ಸ್ಕೂಟರ್‌ಗಳು ಬಂದಾಗ

2018ರ ಜುಲೈ 23ರಿಂದ ನವೆಂಬರ್ 20ರವರೆಗೆ ನಿಂತುಕೊಂಡು ಓಡಿಸುವ ಬಾಡಿಗೆ ವಿದ್ಯುತ್ ಸ್ಕೂಟರ್‌ಗಳ ಪ್ರಯೋಗ ನಡೆಯಿತು. ಆ ಅವಧಿಯಲ್ಲಿ 7,00,369 ಸವಾರಿಗಳಾದವು. ಇವುಗಳನ್ನು ಫುಟ್‌ಪಾತ್ ಮೇಲೆ ಓಡಿಸಬಾರದು ಅಂತ ಆರೆಗನ್ ರಾಜ್ಯದ ಕಾನೂನೇ ಹೇಳುತ್ತದೆ, ಡೌನ್‌ಟೌನ್ ಮಾತ್ರ ಅಲ್ಲ, ಎಲ್ಲ ಕಡೆ. ಆದರೂ ಜನ ಫುಟ್‌ಪಾತ್ ಮೇಲೆ ಓಡಿಸಿದರು. ದೂರುಗಳು ಬಂದವು, ಅಂಗವಿಕಲರಿಂದ ವಿಶೇಷವಾಗಿ. ಓಡುವ ಸ್ಕೂಟರ್ ಒಂದು ಕಡೆ, ಅಡ್ಡಾದಿಡ್ಡಿ ನಿಲ್ಲಿಸಿದ ಸ್ಕೂಟರ್ ಇನ್ನೊಂದು ಕಡೆ.

ನಗರದ ಸಾರಿಗೆ ಇಲಾಖೆಯವರು ಬೀದಿಗಳಲ್ಲಿ ನಿಂತು ಗಮನಿಸಿದರು. ಅವರ ವರದಿಯಲ್ಲಿ ಕಂಡದ್ದು ಹೀಗೆ: ಸೈಕಲ್ ವ್ಯವಸ್ಥೆ ಏನೂ ಇಲ್ಲದ ಬೀದಿಗಳಲ್ಲಿ ಫುಟ್‌ಪಾತ್ ಹತ್ತುವವರು ಎಲ್ಲಕ್ಕಿಂತ ಜಾಸ್ತಿ. ಬಣ್ಣದ ಪಟ್ಟಿ ಇದ್ದ ಕಡೆ ಕಡಿಮೆ. ಕಾರುಗಳಿಂದ ಬೇರ್ಪಡಿಸಿದ ಹಾದಿ ಇದ್ದ ಕಡೆ ಇನ್ನೂ ಕಡಿಮೆ. ವಾಹನಗಳೇ ನಿಧಾನವಾಗಿ ಹೋಗುವ ವಸತಿ ಬೀದಿಗಳಲ್ಲಿ ಎಲ್ಲಕ್ಕಿಂತ ಕಡಿಮೆ.

ನಿಷೇಧ ಈ ಎಲ್ಲ ಬೀದಿಗಳಲ್ಲೂ ಒಂದೇ ಆಗಿತ್ತು. ಬದಲಾಗಿದ್ದು ರಸ್ತೆ. ಅದೇ ಸ್ಕೂಟರ್, ಅದೇ ಕಾನೂನು, ಆದರೆ ರಸ್ತೆಯಲ್ಲಿ ಜಾಗ ಸಿಕ್ಕಾಗ ಜನ ತಾವಾಗಿ ಇಳಿದರು. ಫುಟ್‌ಪಾತ್ ಹತ್ತುವವರೆಲ್ಲ ಶಿಸ್ತಿಲ್ಲದವರು ಅನ್ನುವ ಮಾತನ್ನು ಇಷ್ಟು ನೇರವಾಗಿ ಅಲ್ಲಗಳೆಯುವ ಸಾಕ್ಷಿ ನನಗೆ ಬೇರೆ ಕಂಡಿಲ್ಲ.

ಪೂರ್ವದ ಗಡಿ

ಚೌಕದ ಪೂರ್ವದ ಗೆರೆಯಾದ ನೈಟೊ ಪಾರ್ಕ್‌ವೇಯಲ್ಲಿ ಏನಾಯಿತು ಅಂತ ನೋಡಿದರೆ ಇದೇ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ನದಿ ದಡದಲ್ಲಿ ಮೊದಲು ಹಾರ್ಬರ್ ಡ್ರೈವ್ ಎಂಬ ಹೆದ್ದಾರಿ ಇತ್ತು. 1974ರಲ್ಲಿ ಅದನ್ನು ಮುಚ್ಚಿ ಅಲ್ಲಿ ಉದ್ಯಾನ ಮಾಡಿದರು, ಈಗಿನ ಟಾಮ್ ಮೆಕಾಲ್ ವಾಟರ್‌ಫ್ರಂಟ್ ಪಾರ್ಕ್. ಅದರ ದಡದ ಹಾದಿಯಲ್ಲಿ ನಡೆಯುವವರು, ಓಡುವವರು, ಸೈಕಲ್ಲಿನವರು, ಸ್ಕೇಟರ್‌ಗಳು ಎಲ್ಲ ಒಟ್ಟಿಗೆ. ಬೇಸಿಗೆಯ ಹಬ್ಬಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪಕ್ಕದ ನೈಟೊದಲ್ಲಿ ಕಾರುಗಳಿಗೆ ನಾಲ್ಕು ಪಥ.

2015ರಲ್ಲಿ ಬೆಟರ್ ಬ್ಲಾಕ್ ಪಿಡಿಎಕ್ಸ್ ಎಂಬ ಸ್ವಯಂಸೇವಕರ ಗುಂಪು ಮುಂದೆ ಬಂತು. ಉದ್ಯಾನದ ಕಡೆಯ ಒಂದು ಪಥವನ್ನು ಕಾರುಗಳಿಂದ ಬಿಡಿಸಿ, ತಾತ್ಕಾಲಿಕವಾಗಿ ನಡೆಯುವವರಿಗೂ ಚಕ್ರಗಳಿಗೂ ಕೊಟ್ಟು ನೋಡಿದರು. ಆಮೇಲೆ ನಗರವೇ ಅದನ್ನು ಬೇಸಿಗೆಗಳಲ್ಲಿ ಮುಂದುವರಿಸಿತು. ಪ್ರತಿ ಸಲವೂ ಸೀಸನ್ ಮುಗಿದ ಮೇಲೆ ಕಂಬಗಳನ್ನು ಕಿತ್ತು ಪಥವನ್ನು ಕಾರುಗಳಿಗೆ ವಾಪಸ್ ಕೊಡುತ್ತಿದ್ದರು. 2018ರ ನವೆಂಬರಿನಲ್ಲಿ ನಗರಸಭೆ ಒಪ್ಪಿದ ಡೌನ್‌ಟೌನ್ ಯೋಜನೆಯಲ್ಲಿ ಇದಕ್ಕೆ ಕಾಯಂ ಜಾಗ ಸಿಕ್ಕಿತು. 2022ರಲ್ಲಿ ಎರಡೂ ದಿಕ್ಕಿನ, ಕಾರುಗಳಿಂದ ಬೇರ್ಪಟ್ಟ ಸೈಕಲ್ ಹಾದಿ ಶಾಶ್ವತವಾಗಿ ತೆರೆಯಿತು.

ಆ ಯೋಜನೆಯ ಪಟ್ಟಿಯಲ್ಲಿ ಚೌಕದೊಳಗಿನ ಇನ್ನೂ ಹಲವು ಬೀದಿಗಳಿವೆ. ಹಳಿ ಇರುವ ಬೀದಿಗಳನ್ನು ಮೊದಲು ಎತ್ತಿಕೊಳ್ಳಬೇಕು ಅನ್ನುವುದು ನನ್ನ ಒತ್ತಾಯ. ಚೌಕಕ್ಕೆ ಒಳಬರುವ ಪ್ರತಿ ಮೂಲೆಯಲ್ಲೂ ಬೋರ್ಡು ಬೇಕು, ಅದರಲ್ಲಿ ಫುಟ್‌ಪಾತ್ ಬೇಡ ಅನ್ನುವ ಸಾಲಿನ ಜೊತೆಗೆ ಹತ್ತಿರದ ಸೈಕಲ್ ಬೀದಿಯ ಹೆಸರೂ ಬಾಣದ ಗುರುತೂ ಇರಬೇಕು. 10 ಮತ್ತು 11ನೇ ಅವೆನ್ಯೂಗಳಲ್ಲಿ ಹಳಿ ತಪ್ಪಿಸಲು ಫುಟ್‌ಪಾತ್ ಹತ್ತಿದವರಿಗೆ, ಅಲ್ಲಿ ಬೇರೆ ಸೈಕಲ್ ಹಾದಿ ಆಗುವವರೆಗೆ, ದಂಡದ ಬದಲು ದಾರಿ ತೋರಿಸಿ ಕಳಿಸಬೇಕು. ಇದಕ್ಕೆ ಕಾನೂನು ತಿದ್ದಬೇಕಾಗಿಲ್ಲ, ಆ ಮೊದಲ ವಾಕ್ಯದಲ್ಲೇ ಅವಕಾಶ ಇದೆ.